ಹಣೆಯ ಮೇಲಿನ ಬಿಳಿ ಚುಕ್ಕೆ

ನಮ್ಮ ಅತ್ತಿಯ ಮನೆಯ ಬಚ್ಚಲ ಕನ್ನಡಿಯ ಅಂಚಿಗೆ ಯಾವಾಗ ನೋಡಿದರೂ ಐದಾರು ಟಿಕಳಿ ಅಂಟಿಕೊಂಡಿರುತ್ತಿದ್ದವು. ಬೆಂಗಳೂರು ಕಡೆಯವರು ಸ್ಟಿಕರ್ ಅನ್ನುತ್ತಾರಲ್ಲ, ಅದೇ. ರಾತ್ರಿ ಮುಖ ತೊಳೆಯುವಾಗ ಕಿತ್ತು ಕನ್ನಡಿಗೆ ಹಚ್ಚುವುದು, ಬೆಳಿಗ್ಗೆ ಜಳಕ ಮಾಡಿ ಅದನ್ನೇ ತಿರುಗಿ ಹಣೆಗೆ ಒತ್ತಿಕೊಳ್ಳುವುದು. ಅಂಟು ಪೂರ್ತಿ ಸಾಯುವ ತನಕ ಒಂದು ಟಿಕಳಿಯನ್ನು ಬಿಸಾಡುವ ಪ್ರಶ್ನೆಯೇ ಇಲ್ಲ. ಒಂದು ಬೇಸಿಗೆ ರಜೆಯಲ್ಲಿ ಆಲಮಟ್ಟಿಗೆ ಹೋದಾಗ ಅತ್ತಿ ಟಿಕಳಿ ತೆಗೆದ ಮುಖದಲ್ಲೇ ಬಾಗಿಲು ತೆಗೆದಳು. ಎರಡು ಹುಬ್ಬುಗಳ ನಡುವೆ, ಕೈವಾರ ಹಿಡಿದು ಎಳೆದಂತೆ ದುಂಡಗೆ, ಒಂದು ಬಿಳಿ ಚುಕ್ಕೆ. ನಾನು ನೋಡಿದ್ದನ್ನು ಅವಳು ನೋಡಿದಳು. ಒಳಗೆ ಹೋಗಿ ಟಿಕಳಿ ಹಚ್ಚಿಕೊಂಡು ಬಂದ ಮೇಲೆಯೇ ಚಹಾ ಇಟ್ಟದ್ದು.

ಆ ಚುಕ್ಕೆಯನ್ನು ಆಗ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೆಸರಿಸಲಿಲ್ಲ. ಎಲ್ಲರ ಮನಸ್ಸಿನಲ್ಲಿದ್ದ ಶಬ್ದ ತೊನ್ನು. ಮಗಳಿಗೆ ಗಂಡು ಹುಡುಕುತ್ತಿದ್ದ ವರ್ಷ ಅದು. ತಾಯಿಯ ಮೈಮೇಲೆ ತೊನ್ನಿದೆ ಎಂದು ಗೊತ್ತಾದರೆ ನೋಡಲು ಬಂದವರು ಅವಲಕ್ಕಿ ತಿಂದು, ಆಮೇಲೆ ಹೇಳಿ ಕಳಿಸುತ್ತೇವೆ ಎಂದು ಎದ್ದು ಹೋಗುತ್ತಾರೆ. ಹಾಗಾಗಿ ಅತ್ತಿ ಚುಕ್ಕೆಯನ್ನು ಮುಚ್ಚಲು ಒಂದಳತೆ ದೊಡ್ಡ ಟಿಕಳಿ ಕೊಂಡಳು. ಕೆಲವು ತಿಂಗಳಿಗೆ ಬಿಳುಪು ಆ ಟಿಕಳಿಯನ್ನೂ ದಾಟಿತು. ಇನ್ನೂ ದೊಡ್ಡದು ಬಂತು. ಕೊನೆಗೆ ವಿಜಯಪುರದ ಚರ್ಮದ ವೈದ್ಯರೊಬ್ಬರು ಹಣೆಯನ್ನು ಒಂದು ನಿಮಿಷ ನೋಡಿ, "ಟಿಕಳಿ ಹಚ್ಚೂದು ಬಿಡ್ರಿ. ಇದು ಆ ಅಂಟಿನ ಕೆಲಸ" ಅಂದರು. ಮುಚ್ಚಿಕೊಳ್ಳಲು ಬಳಸಿದ್ದೇ ಬೆಳೆಸಿತ್ತು.

ಇತಿಹಾಸ ಓದುವವನಿಗೆ ಇಂಥ ಕಡೆ ಒಂದು ಚಾಳಿ ಇರುತ್ತದೆ. ಈ ವಸ್ತು ಇಲ್ಲಿಗೆ ಯಾವಾಗ ಬಂತು, ಅದಕ್ಕಿಂತ ಮೊದಲು ಆ ಜಾಗದಲ್ಲಿ ಏನಿತ್ತು ಎಂದು ಕೇಳುವುದು. ಅತ್ತಿಯ ಹಣೆಯ ಮಟ್ಟಿಗೆ ಉತ್ತರ ನಮ್ಮ ಮನೆಯಲ್ಲೇ ಇತ್ತು.

ನಮ್ಮ ಆಯಿಯ ಊರು ಕೃಷ್ಣೆಯ ದಂಡೆಯ ಮೇಲಿತ್ತು. ಆಲಮಟ್ಟಿ ಅಣೆಕಟ್ಟಿಗೆ 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದಾಗ ಅಪ್ಪ ಇನ್ನೂ ಸಾಲಿಗೆ ಹೋಗುವ ಹುಡುಗ. ಹಿನ್ನೀರು ಬಂದು ಊರು ಎತ್ತುವ ಹೊತ್ತಿಗೆ ಅವನ ಮಕ್ಕಳು ಸಾಲಿಗೆ ಹೋಗುತ್ತಿದ್ದರು. ಪುನರ್ವಸತಿ ಕೇಂದ್ರದ ಹೊಸ ಮನೆಗೆ ಟ್ರ್ಯಾಕ್ಟರಿನಲ್ಲಿ ಸಾಮಾನು ಹೇರುವಾಗ ಆಯಿ ತೊಡೆಯ ಮೇಲಿಟ್ಟುಕೊಂಡು ಕೂತದ್ದು ಜಗುಲಿಯ ದೇವರನ್ನು ಮತ್ತು ಕುಂಕುಮದ ಭರಣಿಯನ್ನು. ಒರಳು ಕಲ್ಲು ಹಳೆಯ ಮನೆಯ ನೆಲದಲ್ಲಿ ಹೂತಿತ್ತು, ಅದು ಬರಲಿಲ್ಲ. ಆ ಭರಣಿಯಲ್ಲಿದ್ದದ್ದು ಅವಳೇ ಮಾಡಿದ ಕುಂಕುಮ. ಅದು ತೀರಿದ ಮೇಲೆ ಅದೇ ಭರಣಿಗೆ ಅಂಗಡಿಯ ಕುಂಕುಮ ತುಂಬಿದಳು. ಭರಣಿಯೂ ಬದಲಾಗಲಿಲ್ಲ, ಹೆಸರೂ ಬದಲಾಗಲಿಲ್ಲ.

ಮನೆಯ ಕುಂಕುಮದ ಕೆಲಸ ನಾಲ್ಕೈದು ದಿನದ್ದು. ಅರಿಷಿಣ ಕೊಂಬನ್ನು ಒಡೆದು, ನಿಂಬೆರಸದಲ್ಲಿ ಬಿಳಿಗಾರವನ್ನೂ ಪಟಿಕವನ್ನೂ ಕದಡಿ, ಅದರಲ್ಲಿ ನೆನೆಹಾಕಬೇಕು. ರಸ ಪೂರ್ತಿ ಹೀರಿದ ಮೇಲೆ ನೆರಳಲ್ಲಿ ಒಣಗಿಸಿ, ಕುಟ್ಟಿ, ತೆಳು ಅರಿವೆಯಲ್ಲಿ ಸೋಸಿ, ಕೊನೆಗೆ ಒಂದೆರಡು ಹನಿ ತುಪ್ಪ ಹಾಕಿ ತಿಕ್ಕಬೇಕು. ಇದರಲ್ಲಿ ರಸಾಯನ ಇಲ್ಲ ಅಂದುಕೊಳ್ಳಬೇಡಿ. ಆರತಿಯ ನೀರು ಎಲ್ಲರೂ ನೋಡಿದ್ದೇ. ಅರಿಷಿಣದ ನೀರಿಗೆ ಚಿಟಿಕೆ ಸುಣ್ಣ ಬಿದ್ದರೆ ಕೆಂಪಾಗುತ್ತದೆ, ನಿಂಬೆ ಹಿಂಡಿದರೆ ಮತ್ತೆ ಹಳದಿ. ಅರಿಷಿಣದ ಕರ್ಕ್ಯುಮಿನ್ ಕ್ಷಾರದಲ್ಲಿ ಕೆಂಪು, ಹುಳಿಯಲ್ಲಿ ಹಳದಿ. ಹಾಗಾದರೆ ಇಷ್ಟು ನಿಂಬೆರಸ ಕುಡಿದ ಕುಂಕುಮ ಹಳದಿಯಾಗದೆ ಕೆಂಪಾಗಿ ಹೇಗೆ ಉಳಿಯಿತು? ಅದು ಬಿಳಿಗಾರದ ಕೆಲಸ. ಅದರೊಳಗಿನ ಬೋರಾನ್ ಕರ್ಕ್ಯುಮಿನ್ ಜೊತೆ ಸೇರಿ ಬೇರೆಯೇ ಒಂದು ಕೆಂಪು ವಸ್ತುವಾಗುತ್ತದೆ. ಆಹಾರದಲ್ಲಿ ಕದ್ದು ಬಿಳಿಗಾರ ಬೆರೆಸಿದ್ದಾರೆಯೇ ಎಂದು ಪ್ರಯೋಗಾಲಯದವರು ಅರಿಷಿಣ ಹಚ್ಚಿದ ಕಾಗದದಿಂದ ಪತ್ತೆ ಮಾಡುವುದು ಇದೇ ಗುಣ ಹಿಡಿದು. ನಮ್ಮ ಆಯಿ ಓದಿದವಳಲ್ಲ. ಬಿಳಿಗಾರ ಹಾಕದಿದ್ದರೆ ಬಣ್ಣ ಏರುವುದಿಲ್ಲ ಎಂಬುದು ಮಾತ್ರ ಅವಳಿಗೆ ಗೊತ್ತಿತ್ತು.

ಈ ಕೆಂಪಿಗೆ ಒಂದು ದೋಷ. ಬಿಸಿಲು ಕಂಡರೆ ಮಾಸುತ್ತದೆ. ವರ್ಷದ ಹಳೆಯ ಕುಂಕುಮ ಇಟ್ಟಂಗಿಯ ಪುಡಿಯ ಬಣ್ಣಕ್ಕೆ ಬಂದಿರುತ್ತದೆ. ಜಾತ್ರೆಯಲ್ಲಿ ರಾಶಿ ಸುರಿದು ಮಾರುವವನಿಗೆ ಇದು ಒಗ್ಗುವ ಮಾತಲ್ಲ.

ಅವನಿಗೆ ಬೇಕಾದ ಮಾಸದ ಕೆಂಪು ಬಂದದ್ದು ಅರಿವೆಯ ದಾರಿಯಿಂದ. 1856ರಲ್ಲಿ ವಿಲಿಯಂ ಪರ್ಕಿನ್ ಎಂಬ ಹದಿನೆಂಟು ವರ್ಷದ ಇಂಗ್ಲಿಷ್ ಹುಡುಗ ಮಲೇರಿಯಾದ ಕ್ವಿನೈನ್ ಮಾಡಲು ಹೋಗಿ ನೇರಳೆ ಬಣ್ಣ ಮಾಡಿದ. ಅಲ್ಲಿಂದ ಕಲ್ಲಿದ್ದಲ ಡಾಂಬರಿನಿಂದ ಬಣ್ಣ ತೆಗೆಯುವ ಉದ್ಯಮ ಶುರುವಾಯಿತು. ಕೆಲವೇ ದಶಕಗಳಲ್ಲಿ ಬೇರಿನಿಂದ ತೆಗೆಯುತ್ತಿದ್ದ ಮಂಜಿಷ್ಠದ ಕೆಂಪು ಹೋಯಿತು, ನೀಲಿ ಗಿಡದ ವ್ಯಾಪಾರ ಹೋಯಿತು. ಜರ್ಮನಿಯ ಡಬ್ಬಿ ಬಣ್ಣಗಳು ಇಡೀ ಭಾರತದ ಬಣ್ಣಗಾರರ ಹಂಡೆಗಳಿಗೆ ಇಳಿದವು. ನಮ್ಮ ಹೊಳೆಯಾಚೆಯ ಇಲಕಲ್ ಸೀರೆಯ ದಾಳಿಂಬೆ ಕೆಂಪನ್ನು ಎಲ್ಲರೂ ಹೊಗಳುತ್ತಾರೆ. ಸೀರೆಗೆ ಬಂದ ಬಣ್ಣ ಒಂದು ದಿನ ಹಣೆಗೂ ಬರುವುದು ತೀರ ದೂರದ ದಾರಿಯೇನಲ್ಲ. ಆದರೆ ಸೀರೆಯಲ್ಲಿ ಬಣ್ಣ ನೂಲಿಗೆ ಕಚ್ಚಿಕೊಂಡಿರುತ್ತದೆ. ಕುಂಕುಮದಲ್ಲಿ ಅದು ಪುಡಿಯಾಗಿ, ಬೆವರು ಮತ್ತು ಎಣ್ಣೆ ಇರುವ ತೊಗಲಿನ ಮೇಲೆ ದಿನವೆಲ್ಲ ಕೂತಿರುತ್ತದೆ.

ಅಂಗಡಿಯ ಕುಂಕುಮದಲ್ಲಿ ಅಜೋ ಜಾತಿಯ ಬಣ್ಣಗಳಿವೆ, ಅವುಗಳಿಂದ ಹಣೆಯ ತೊಗಲು ತುರಿಸಿ ಕಪ್ಪಾಗುತ್ತದೆ ಎಂಬುದನ್ನು ಚರ್ಮರೋಗ ತಜ್ಞರು ಬಹಳ ಹಿಂದೆಯೇ ಗುರುತಿಸಿದ್ದಾರೆ. ಸೂಡಾನ್ 1 ಎಂಬ ಬಣ್ಣ ಆ ಪಟ್ಟಿಯಲ್ಲಿದೆ. ಬ್ರಿಲಿಯಂಟ್ ಲೇಕ್ ರೆಡ್ ಆರ್ ಎಂಬುದು ಇನ್ನೊಂದು. ಎರಡನೆಯದರ ಕಥೆ ಜಪಾನಿನಲ್ಲೂ ಇದೆ. ಅಲ್ಲಿ 1970ರ ದಶಕದಲ್ಲಿ ಸೌಂದರ್ಯವರ್ಧಕ ಬಳಸುವ ಹೆಂಗಸರ ಮುಖ ಕಂದು ಬಣ್ಣಕ್ಕೆ ತಿರುಗುವ ಕಾಯಿಲೆ ಹಬ್ಬಿತ್ತು. ವೈದ್ಯರು ಒಂದೊಂದೇ ಘಟಕವನ್ನು ಬೆನ್ನಿನ ಮೇಲೆ ಪಟ್ಟಿ ಹಚ್ಚಿ ಪರೀಕ್ಷಿಸಿ ಕಾರಣ ಹಿಡಿದರು. 1977ರಿಂದ ದೊಡ್ಡ ಕಂಪನಿಗಳು ಅಂಥ ಘಟಕಗಳನ್ನು ಕೈಬಿಡತೊಡಗಿದವು, ಮರುವರ್ಷದಿಂದಲೇ ರೋಗಿಗಳು ಕಡಿಮೆಯಾದರು. ಜಪಾನಿನಲ್ಲಿ ಬಿಡಿಸಬಹುದಾಗಿತ್ತು, ಏಕೆಂದರೆ ಬಿಡಿಸಲು ಕೈಗೆ ಸಿಗುವ ಕಂಪನಿಗಳಿದ್ದವು. ಸಂತಿಯಲ್ಲಿ ಗೋಣಿತಟ್ಟಿನ ಮೇಲಿನ ಕುಂಕುಮದ ಗೋಪುರಕ್ಕೆ ಯಾವ ಕಂಪನಿ?

ಹಾಗೆಂದು ಹಳೆಯದೆಲ್ಲ ಅಮೃತ ಎನ್ನುವವರ ಗುಂಪಿಗೆ ನನ್ನನ್ನು ಸೇರಿಸಬೇಡಿ. ಉತ್ತರ ಭಾರತದ ಹೆಂಗಸರು ಬೈತಲೆಗೆ ತುಂಬುವ ಸಿಂಧೂರ, ನಮ್ಮಲ್ಲಿ ಹನುಮಪ್ಪನ ಮೂರ್ತಿಗೆ ಬಳಿಯುವ ಸಿಂಧೂರ, ಇವುಗಳಲ್ಲಿ ತಲೆತಲಾಂತರದಿಂದ ಬಂದದ್ದು ಸೀಸದ ಕೆಂಪು. ಇಂಗಳಿಕ ಎಂದರೆ ಪಾದರಸ ಮತ್ತು ಗಂಧಕ. ಇವು ಯಾವ ಜರ್ಮನ್ ಡಬ್ಬಿಯಿಂದಲೂ ಬಂದವಲ್ಲ. ಅರಿಷಿಣವನ್ನೂ ಕಣ್ಣುಮುಚ್ಚಿ ನಂಬುವ ಕಾಲ ಹೋಗಿದೆ. ಹಳದಿ ಹೊಳೆಯಲೆಂದು ಕೊಂಬಿಗೆ ಸೀಸದ ಕ್ರೋಮೇಟ್ ಬಳಿಯುತ್ತಿದ್ದದ್ದು ಬಾಂಗ್ಲಾದೇಶದಲ್ಲಿ ಪತ್ತೆಯಾಗಿ 2019ರಲ್ಲಿ ಲೋಕಕ್ಕೆಲ್ಲ ತಿಳಿಯಿತು. ಹಳತೋ ಹೊಸತೋ ಎನ್ನುವುದಕ್ಕಿಂತ ಏನು, ಎಷ್ಟು, ಎಷ್ಟು ಹೊತ್ತು ಮೈಮೇಲೆ ಇರುತ್ತದೆ ಎನ್ನುವುದೇ ಕೇಳಬೇಕಾದ ಪ್ರಶ್ನೆ.

ಟಿಕಳಿಯ ಕಥೆಯಲ್ಲಿ ಬಣ್ಣಕ್ಕಿಂತ ಅಂಟು ಮುಖ್ಯ. ಮೊದಲು ಜೇನುಮೇಣ ಇತ್ತು. ಹಣೆಗೆ ಬೆರಳಿನಿಂದ ಮೇಣ ತೀಡಿ, ಅದರ ಮೇಲೆ ಕುಂಕುಮ ಒತ್ತಿ, ಉದುರಿದ್ದನ್ನು ಸೆರಗಿನಿಂದ ಒರೆಸುವುದು. ಆಮೇಲೆ ಸೀಸೆಯ ದ್ರವ ಕುಂಕುಮ ಬಂತು, ಅದರ ಹಿಂದೆಯೇ ಟಿಕಳಿ. ಬೆವರಿಗೆ ಇಳಿಯದ, ಮೂಗಿನ ಮೇಲೆ ಉದುರದ, ಸೀರೆಯ ಬಣ್ಣಕ್ಕೆ ಹೊಂದುವ ಟಿಕಳಿಯನ್ನು ಹೆಂಗಸರು ಯಾಕೆ ಮೆಚ್ಚಿದರು ಎಂದು ಕೇಳುವವರು ಒಂದು ದಿನ ಮೇ ತಿಂಗಳಲ್ಲಿ ಮುದ್ದೇಬಿಹಾಳದ ಹೊಲದಲ್ಲಿ ಕಳೆ ತೆಗೆಯಲಿ.

ಆ ಅಂಟಿನಲ್ಲಿ ಪ್ಯಾರಾ ಟರ್ಷಿಯರಿ ಬ್ಯುಟೈಲ್ ಫಿನಾಲ್ ಎಂಬ ವಸ್ತು ಇರುತ್ತದೆ. ರಬ್ಬರನ್ನೂ ಚರ್ಮವನ್ನೂ ಅಂಟಿಸುವ ರಾಳದ ಭಾಗ ಅದು. ಚಪ್ಪಲಿಯಲ್ಲೂ ಇರುತ್ತದೆ, ಹಾಗಾಗಿ ಕೆಲವರ ಪಾದದ ಮೇಲೆ ಪಟ್ಟಿಯ ಆಕಾರದಲ್ಲೇ ಬಿಳುಪು ಮೂಡುತ್ತದೆ. ಇದೇ ಬಳಗದ ಇನ್ನೊಂದು ವಸ್ತುವಿನಿಂದ ಹೀಗಾಗುತ್ತದೆ ಎಂದು ವೈದ್ಯಲೋಕಕ್ಕೆ ತಿಳಿದದ್ದು 1939ರಲ್ಲಿ, ಅಮೆರಿಕದ ಒಂದು ಚರ್ಮ ಹದಮಾಡುವ ಕಾರ್ಖಾನೆಯಲ್ಲಿ. ಕೆಲಸಗಾರರ ಕೈಗಳು ರಬ್ಬರ್ ಕೈಚೀಲ ಎಲ್ಲಿಯವರೆಗೆ ಇತ್ತೋ ಅಲ್ಲಿಯವರೆಗೆ ಬೆಳ್ಳಗಾಗಿದ್ದವು. ರಬ್ಬರು ಹಾಳಾಗದಂತೆ ಸೇರಿಸಿದ್ದ ರಾಸಾಯನಿಕವೇ ಕಾರಣವಾಗಿತ್ತು. ಟಿಕಳಿಯ ಬಿಳುಪನ್ನು ಭಾರತದ ವೈದ್ಯರು 1980ರ ದಶಕದಲ್ಲಿ ವೈದ್ಯಕೀಯ ಪತ್ರಿಕೆಗಳಲ್ಲಿ ವರದಿ ಮಾಡಿದ್ದಾರೆ. ಅಂದರೆ ನಮ್ಮ ಅತ್ತಿ ದೊಡ್ಡ ಟಿಕಳಿ ಕೊಳ್ಳುವ ಹೊತ್ತಿಗೆ ವಿಷಯ ಅಚ್ಚಾಗಿ ಹತ್ತಿಪ್ಪತ್ತು ವರ್ಷವಾಗಿತ್ತು. ಅಚ್ಚಾದದ್ದು ಇಂಗ್ಲಿಷಿನಲ್ಲಿ, ಅದನ್ನು ಓದುವವರು ಟಿಕಳಿ ಮಾರುವವರಲ್ಲ.

ಅದು ಕೆಲಸ ಮಾಡುವ ರೀತಿ ಭಯ ಹುಟ್ಟಿಸುವಷ್ಟು ಸರಳ. ನಮ್ಮ ತೊಗಲಿಗೆ ಬಣ್ಣ ಕೊಡುವ ಜೀವಕೋಶಗಳು ಟೈರೋಸಿನ್ ಎಂಬ ವಸ್ತುವಿನಿಂದ ಮೆಲನಿನ್ ತಯಾರಿಸುತ್ತವೆ. ಈ ಫಿನಾಲ್ ನೋಡಲು ಟೈರೋಸಿನ್ನಿನಂತೆಯೇ ಇದೆ. ಬಣ್ಣದ ಕೋಶ ಮೋಸಹೋಗಿ ಅದನ್ನು ಒಳಗೆ ಕರೆದುಕೊಳ್ಳುತ್ತದೆ, ತನ್ನದೇ ಕಿಣ್ವದಿಂದ ವಿಷವಾಗಿಸಿಕೊಂಡು ಸಾಯುತ್ತದೆ. ಎಷ್ಟೋ ಸಲ ತುರಿಕೆಯೂ ಇರುವುದಿಲ್ಲ, ಉರಿಯೂ ಇರುವುದಿಲ್ಲ, ಹಾಗಾಗಿ ಮುನ್ಸೂಚನೆಯೇ ಸಿಗುವುದಿಲ್ಲ. ಬೇಗ ಬಿಟ್ಟರೆ ಕೆಲವರಿಗೆ ಬಣ್ಣ ಮರಳುತ್ತದೆ. ಕೆಲವರಿಗೆ ಮರಳುವುದಿಲ್ಲ. ಇನ್ನು ಕೆಲವರಿಗೆ ಅಂಟು ಮುಟ್ಟದ ಕಡೆಗೂ ಬಿಳುಪು ಹರಡುತ್ತದೆ. ಇದೇ ಮೋಸದ ದೊಡ್ಡ ಆವೃತ್ತಿ ಮತ್ತೆ ಜಪಾನಿನಲ್ಲೇ ನಡೆಯಿತು. ಕನೆಬೊ ಕಂಪನಿ ರೋಡೋಡೆಂಡ್ರಾಲ್ ಎಂಬ ಘಟಕ ಹಾಕಿ ಮುಖ ಬೆಳ್ಳಗಾಗುವ ಕ್ರೀಮುಗಳನ್ನು ಸರ್ಕಾರದ ಒಪ್ಪಿಗೆ ಪಡೆದೇ ಮಾರಿತ್ತು. 2013ರ ಜುಲೈಯಲ್ಲಿ ಎಲ್ಲವನ್ನೂ ವಾಪಸ್ ಕರೆಸಿಕೊಳ್ಳಬೇಕಾಯಿತು. 18,000ಕ್ಕೂ ಹೆಚ್ಚು ಜನರ ಮುಖ, ಕುತ್ತಿಗೆ, ಕೈಗಳ ಮೇಲೆ ಬಿಳಿ ಮಚ್ಚೆ ಬಿದ್ದಿದ್ದವು.

ನಮ್ಮ ಕಾನೂನು ಎಲ್ಲಿತ್ತು? 1940ರಲ್ಲಿ ಬಂದದ್ದು ಔಷಧಿಗಳ ಕಾಯ್ದೆ ಮಾತ್ರ. ಸೌಂದರ್ಯವರ್ಧಕಗಳು ಅದರೊಳಗೆ ಸೇರಿದ್ದು 1962ರ ತಿದ್ದುಪಡಿಯಿಂದ. ಆಗಲೂ ವ್ಯಾಖ್ಯಾನದ ಕೊನೆಗೆ ಸಾಬೂನು ಇದರಲ್ಲಿ ಸೇರುವುದಿಲ್ಲ ಎಂಬ ಮಾತಿತ್ತು. ದೇಶದ ಜನ ದಿನಾ ಮೈಗೆ ತಿಕ್ಕುವ ವಸ್ತು ಇಪ್ಪತ್ತು ವರ್ಷ ಆ ಕಾನೂನಿನ ಹೊರಗೇ ಇತ್ತು, 1982ರ ತಿದ್ದುಪಡಿಯಲ್ಲಿ ಆ ಮಾತು ಹೋಯಿತು. ಸೌಂದರ್ಯವರ್ಧಕಕ್ಕೆ ಬಣ್ಣವಾಗಿ ಸೀಸ, ಆರ್ಸೆನಿಕ್ ಬಳಸಬಾರದು ಎಂಬ ನಿಯಮವಿದೆ. 2020ರಲ್ಲಿ ಸೌಂದರ್ಯವರ್ಧಕಗಳಿಗೇ ಪ್ರತ್ಯೇಕ ನಿಯಮಾವಳಿ ಬಂತು. ಮೈಗೆ ಹಚ್ಚುವ, ಸಿಂಪಡಿಸುವ, ಬೇರೆ ಯಾವುದೇ ರೀತಿ ಲೇಪಿಸುವ ವಸ್ತು ಎಂಬ ವ್ಯಾಖ್ಯಾನ ಸಾಕಷ್ಟು ಅಗಲವಾಗಿಯೇ ಇದೆ. ಆದರೆ ಎಷ್ಟೋ ಕುಂಕುಮದ ಪೊಟ್ಟಣಗಳ ಹಿಂದೆ ಸಣ್ಣ ಅಕ್ಷರದಲ್ಲಿ ಪೂಜೆಗೆ ಮಾತ್ರ ಎಂದು ಬರೆದಿರುತ್ತದೆ. ಪೂಜೆ ಮುಗಿದ ಮೇಲೆ ಆ ಕುಂಕುಮ ಎಲ್ಲಿಗೆ ಹೋಗುತ್ತದೆ ಎಂಬುದು ಬರೆದವರಿಗೆ ಗೊತ್ತಿಲ್ಲವೇ?

ವೈದ್ಯರ ಮಾತನ್ನು ಅತ್ತಿ ಕೂಡಲೇ ಕೇಳಲಿಲ್ಲ. ಕ್ರೀಮು ಹಿಡಿಸದಿದ್ದರೆ ಬಿಡಬಹುದು, ಪೌಡರು ಬಿಡಬಹುದು. "ಹಣಿ ಬರಿದ ಇಟಗೊಂಡು ಮಂದ್ಯಾಗ ಹ್ಯಾಂಗ ಅಡ್ಡಾಡ್ಲೋ? ನಿಮ್ಮ ಮಾಮಾ ಗಟ್ಟ್ಯಾಗಿ ಕುಂತಾರ" ಅಂದಳು. ಬೋಳು ಹಣೆಗೆ ಊರಿನಲ್ಲಿ ಒಂದೇ ಅರ್ಥ. ವಿಭೂತಿ ಸಾಕಲ್ಲ, ಬಸವಣ್ಣನ ಸೀಮೆಯವರು ನಾವು ಎಂದು ಮಾಮಾ ತಮಾಷೆ ಮಾಡಿದರು. ಅವಳಿಗೆ ನಗು ಬರಲಿಲ್ಲ. ವಿಭೂತಿ ಗಂಡಸರೂ ಹಚ್ಚುತ್ತಾರೆ, ಗಂಡನಿಲ್ಲದವರೂ ಹಚ್ಚುತ್ತಾರೆ. ವೈದ್ಯರು ಬಿಡಲು ಹೇಳಿದ್ದು ಅವಳ ಪಾಲಿಗೆ ಬರೀ ಒಂದು ಅಂಟಿನ ಚೂರಾಗಿರಲಿಲ್ಲ.

ಆಯಿ ಆಗ ಇನ್ನೂ ಇದ್ದಳು. ಅವಳಿಗೆ ಫಿನಾಲಿನ ಗೊಡವೆ ಇಲ್ಲ. ಸಂತಿಯಿಂದ ಅರಿಷಿಣ ಕೊಂಬು, ನಿಂಬೆಹಣ್ಣು, ಬಿಳಿಗಾರ ತರಿಸಿದಳು. ಒರಳಿಲ್ಲದ್ದಕ್ಕೆ ಗೊಣಗಿ, ಮಿಕ್ಸಿಯಲ್ಲೇ ಪುಡಿ ಮಾಡಿಸಿದಳು. ಕೊಂಬಿನಲ್ಲಿ ಏನು ಬಳಿದಿದ್ದರೋ ಎಂಬ ಅನುಮಾನ ನನಗೆ ಈಗ ಬರುತ್ತದೆ, ಆಗ ಬರಲಿಲ್ಲ. ಅತ್ತಿ ಮೇಣ ತೀಡಿ ಆ ಕುಂಕುಮ ಹಚ್ಚತೊಡಗಿದಳು. ಮಗಳ ಲಗ್ನ ಆಯಿತು. ಬಿಳುಪು ಅಂಚಿನಿಂದ ಕಿರಿದಾಗುತ್ತ ಬಂದು, ಜೋಳದ ಕಾಳಿನಷ್ಟಾಗಿ ನಿಂತಿತು. ಅದರಾಚೆ ಹೋಗಲಿಲ್ಲ.

ಹೋದ ಸಲ ಊರಿಗೆ ಹೋದಾಗ ಅತ್ತಿಯ ಹಣೆಯ ಮೇಲೆ ಕುಂಕುಮ ಮಧ್ಯಾಹ್ನಕ್ಕೇ ಕಂದಿತ್ತು. "ನಿಮ್ಮ ಆಯಿ ಮಾಡಿದ್ದು ಸಂಜಿತನಕಾ ನಿಲ್ತಿತ್ತು. ನನ್ನ ಕೈಯಾಗ ಬಿಳಿಗಾರದ ಅಳತಿ ಕೂಡವಲ್ದು" ಅನ್ನುತ್ತ ಭರಣಿ ತೆಗೆದಳು. ಬಚ್ಚಲ ಕನ್ನಡಿಯ ಅಂಚಿನಲ್ಲಿ ಮೊಮ್ಮಗಳ ಮೂರು ಸಣ್ಣ ಟಿಕಳಿ ಅಂಟಿಕೊಂಡಿದ್ದವು.