ಬೀಳಿಸಿ ನೋಡುವ ವಿದ್ಯೆ

1891ರ ಅಕ್ಟೋಬರ್‌ನಲ್ಲಿ ಜಪಾನಿನ ಮಿನೋ-ಓವಾರಿ ಬಯಲು ನಡುಗಿ ಏಳು ಸಾವಿರಕ್ಕೂ ಹೆಚ್ಚು ಜನ ಸತ್ತರು. ಆಧುನಿಕತೆಯ ಗುರುತೆಂದು ಪಾಶ್ಚಾತ್ಯ ಮಾದರಿಯಲ್ಲಿ ಕಟ್ಟಿದ್ದ ಇಟ್ಟಿಗೆಯ ಕಟ್ಟಡಗಳೂ ಉದುರಿಬಿದ್ದವು. ಆಗ ಟೋಕಿಯೋದಲ್ಲಿ ಪಾಠ ಹೇಳುತ್ತಿದ್ದ ಇಂಗ್ಲೆಂಡಿನ ಜಾನ್ ಮಿಲ್ನ್ ಮತ್ತು ಜಪಾನಿನ ಫುಸಾಕಿಚಿ ಒಮೊರಿ ಹಿಡಿದ ದಾರಿ ಸರಳವಾಗಿತ್ತು. ಕೈಯಿಂದ ಅಲುಗಾಡಿಸುವ ಮೇಜಿನ ಮೇಲೆ ಕಂಬಗಳನ್ನು ನಿಲ್ಲಿಸಿ, ಎಷ್ಟು ಅಲುಗಿದರೆ ಅವು ಉರುಳುತ್ತವೆ, ಮುರಿಯುತ್ತವೆ ಎಂದು ಅಳೆಯತೊಡಗಿದರು.

1906ರ ಸ್ಯಾನ್ ಫ್ರಾನ್ಸಿಸ್ಕೋ ಭೂಕಂಪದ ನಂತರ ಸ್ಟ್ಯಾನ್‌ಫರ್ಡ್‌ನಲ್ಲಿ ಎಫ್. ಜೆ. ರೋಜರ್ಸ್ ವಿದ್ಯುತ್ ಮೋಟಾರಿನಿಂದ ಮೇಜನ್ನು ಅಲುಗಾಡಿಸಿದರು. ಅವರು ಮೇಜಿನ ಮೇಲಿಟ್ಟದ್ದು ಕಟ್ಟಡವನ್ನಲ್ಲ, ಮರಳು ತುಂಬಿದ ಪೆಟ್ಟಿಗೆಯನ್ನು. ನೀರು ಸೇರಿಸಿದಾಗ ಆ ಮರಳು ಬೇರೆಯೇ ರೀತಿಯಲ್ಲಿ ಕುಣಿಯಿತು. ಕಟ್ಟಡದ ಹಣೆಬರಹ ಅರ್ಧಕ್ಕರ್ಧ ಅದರ ಕೆಳಗಿನ ನೆಲದಲ್ಲೇ ಇರುತ್ತದೆಂಬ ಸುಳಿವು ಅಲ್ಲಿತ್ತು.

ಆ ಸುಳಿವಿನ ಪೂರ್ಣ ಅರ್ಥ ಕಂಡದ್ದು 1985ರ ಸೆಪ್ಟೆಂಬರ್ 19ರಂದು, ಮೆಕ್ಸಿಕೋ ನಗರದಲ್ಲಿ. ಅಂದಿನ ಭೂಕಂಪದ ಕೇಂದ್ರ ಮುನ್ನೂರೈವತ್ತು ಕಿಲೋಮೀಟರ್‌ಗೂ ಹೆಚ್ಚು ದೂರದ ಪೆಸಿಫಿಕ್ ಕರಾವಳಿಯಲ್ಲಿತ್ತು. ಆದರೆ ನಗರದ ಕೆಳಗಿನ ಹಳೆಯ ಕೆರೆಯಂಗಳದ ಮೆತ್ತನೆಯ ಜೇಡಿಮಣ್ಣು ಸುಮಾರು ಎರಡು ಸೆಕೆಂಡಿಗೊಂದು ಸಲದಂತೆ ನಗರವನ್ನು ತೂಗಿತು. ಆ ತಾಳಕ್ಕೆ ಹತ್ತಿರದ ಲಯವಿದ್ದ ಆರರಿಂದ ಹದಿನೈದು ಅಂತಸ್ತಿನ ಕಟ್ಟಡಗಳೇ ಹೆಚ್ಚಾಗಿ ಕುಸಿದವು. ಪೀನೋ ಸ್ವಾರೆಸ್ ಸಮುಚ್ಚಯದ 21 ಅಂತಸ್ತಿನ ಉಕ್ಕಿನ ಗೋಪುರವೂ ಬಿತ್ತು. ಅದಕ್ಕಿಂತ ಎಷ್ಟೋ ಎತ್ತರದ ಲಾಟಿನೋಅಮೆರಿಕಾನಾ ಗೋಪುರ ನಿಂತೇ ಇತ್ತು. ಎತ್ತರವಿದ್ದಷ್ಟೂ ಅಪಾಯ ಎಂಬ ನಂಬಿಕೆಗೆ ಇಷ್ಟು ನೇರವಾದ ಉತ್ತರ ಇನ್ನೊಂದು ಸಿಗಲಾರದು.

ಅಷ್ಟರಲ್ಲಿ, ಕಟ್ಟಡ ಹೇಗೆ ಅಲುಗುತ್ತದೆಂಬ ಲೆಕ್ಕ ಕಂಪ್ಯೂಟರಿಗೆ ಹೋಗಿತ್ತು. 1970ರ ದಶಕದಲ್ಲಿ ಬರ್ಕ್ಲಿಯಲ್ಲಿ ಗ್ರಹಾಂ ಪೊವೆಲ್ ಮತ್ತು ಅವರ ಸಂಗಡಿಗರು ರೂಪಿಸಿದ ಡ್ರೈನ್-2ಡಿ ಎಂಬ ಪ್ರೋಗ್ರಾಂ, ಉಕ್ಕು ಬಾಗಿ ಮಣಿಯುವವರೆಗೂ ಕಟ್ಟಡವನ್ನು ಹಿಂಬಾಲಿಸಬಲ್ಲದಾಗಿತ್ತು. ತೊಡಕು ಇದ್ದದ್ದು ಅದರ ಆಚೆಗೆ. ವಾಲಿದ ಕಟ್ಟಡವನ್ನು ಅದರ ತೂಕವೇ ಇನ್ನಷ್ಟು ವಾಲಿಸುತ್ತದೆ. ಎಂಜಿನಿಯರುಗಳು ಇದನ್ನು ಪಿ-ಡೆಲ್ಟಾ ಪರಿಣಾಮ ಎನ್ನುತ್ತಾರೆ. ಆ ಹಂತದಲ್ಲಿ ಸಮೀಕರಣಗಳು ಉತ್ತರಕ್ಕೆ ಬಂದು ಸೇರದೆ ಗಣಿತವೇ ನಿಂತುಬಿಡುತ್ತಿತ್ತು. ಲೆಕ್ಕ ನಿಂತದ್ದನ್ನೇ ಕಟ್ಟಡ ಬಿದ್ದದ್ದೆಂದು ಓದುವ ರೂಢಿಯೂ ಇತ್ತು. ಸೋತದ್ದು ಕಟ್ಟಡವೋ ಪ್ರೋಗ್ರಾಮೋ ಎಂದು ಕೇಳುವವರಿಗೆ ಅದರಲ್ಲಿ ಉತ್ತರವಿರಲಿಲ್ಲ. ಟೋಕಿಯೋ ವಿಶ್ವವಿದ್ಯಾಲಯದ ಕಿಮಿರೊ ಮೆಗುರೊ ಮತ್ತು ಹಾತೆಮ್ ತಾಗೆಲ್-ದಿನ್ 1990ರ ದಶಕದಲ್ಲಿ ಬೇರೆ ಹಾದಿ ತುಳಿದರು. ಕಟ್ಟಡವನ್ನು ಸ್ಪ್ರಿಂಗ್‌ಗಳಿಂದ ಬೆಸೆದ ಸಣ್ಣ ತುಂಡುಗಳೆಂದು ಭಾವಿಸಿದರು. ಸ್ಪ್ರಿಂಗ್ ಕಡಿದರೆ ತುಂಡು ಕಳಚುತ್ತದೆ, ಬೀಳುತ್ತದೆ, ಕೆಳಗಿನದಕ್ಕೆ ಬಡಿಯುತ್ತದೆ. ಲೆಕ್ಕ ಮಾತ್ರ ಮುಂದುವರಿಯುತ್ತದೆ. ಆ ಲೆಕ್ಕ ನಿಜಕ್ಕೆ ಹೊಂದುತ್ತದೆಯೇ ಎಂದು ತಿಳಿಯಲು ನಿಜವಾದ ಕುಸಿತದ ಅಳತೆಯೇ ಬೇಕು.

1995ರ ಜನವರಿ 17ರಂದು ಜಪಾನಿನ ಕೋಬೆಯ ಭೂಕಂಪದಲ್ಲಿ ಆರು ಸಾವಿರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ನಗರಸಭೆಯ ಎಂಟು ಅಂತಸ್ತಿನ ಹಳೆಯ ಕಟ್ಟಡದಲ್ಲಿ ಆರನೆಯ ಅಂತಸ್ತು ಮಾತ್ರ ಅಪ್ಪಚ್ಚಿಯಾಗಿತ್ತು. ಕುಸಿತ ಬುಡದಿಂದಲೇ ಶುರುವಾಗಬೇಕೆಂದೇನೂ ಇಲ್ಲ. ಈ ದುರಂತದ ನಂತರ, ಹತ್ತು ವರ್ಷಗಳಲ್ಲಿ, ಕೋಬೆಗೆ ಹತ್ತಿರದ ಮಿಕಿಯಲ್ಲಿ ಇ-ಡಿಫೆನ್ಸ್ ಸಿದ್ಧವಾಯಿತು: 20 ಮೀಟರ್ ಉದ್ದ, 15 ಮೀಟರ್ ಅಗಲ, 1200 ಟನ್ ಹೊರಬಲ್ಲ ಕಂಪನ ಮೇಜು. ಬೆಂಗಳೂರಿನ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯಲ್ಲಿರುವ ಮೇಜು ಹೊರುವುದು 10 ಟನ್. ವಿದ್ಯುತ್ ಉಪಕರಣಗಳ ಪರೀಕ್ಷೆಗೆ ಅಷ್ಟು ಸಾಕು, ಬಹುಮಹಡಿ ಕಟ್ಟಡಕ್ಕಲ್ಲ.

ಇ-ಡಿಫೆನ್ಸ್‌ಗೂ ನಿಜವಾದ ಗಗನಚುಂಬಿ ದೊಡ್ಡದೇ. 2011ರ ತೊಹೊಕು ಭೂಕಂಪದಲ್ಲಿ ಕೇಂದ್ರದಿಂದ ಸುಮಾರು 770 ಕಿಲೋಮೀಟರ್ ದೂರದ ಒಸಾಕಾದಲ್ಲಿ 55 ಅಂತಸ್ತಿನ ಸರ್ಕಾರಿ ಕಟ್ಟಡವೊಂದರ ತುದಿ ಒಂದು ಮೀಟರಿಗೂ ಮಿಕ್ಕಿ ತೂಗಾಡಿದ್ದು, ನಿಧಾನವಾದ ದೀರ್ಘ ಅಲೆಗಳ ಭಯವನ್ನು ಹೆಚ್ಚಿಸಿತ್ತು. ಆದ್ದರಿಂದ 2013ರ ಡಿಸೆಂಬರ್‌ನಲ್ಲಿ 18 ಅಂತಸ್ತಿನ ಉಕ್ಕಿನ ಕಟ್ಟಡವನ್ನು ಮೂರನೇ ಒಂದು ಭಾಗದ ಅಳತೆಯಲ್ಲಿ, ಸುಮಾರು 25 ಮೀಟರ್ ಎತ್ತರಕ್ಕೆ, ಮೇಜಿನ ಮೇಲೆ ನಿಲ್ಲಿಸಿದರು. ಅಲುಗಾಟವನ್ನು ಹಂತ ಹಂತವಾಗಿ ಏರಿಸುತ್ತ ಹೋದರು. ವಿನ್ಯಾಸಕ್ಕೆ ಬಳಸುವ ಮಟ್ಟವನ್ನು ದಾಟಿದ ಮೇಲೂ ಅದು ಬಹಳ ಹೊತ್ತು ಹಟಮಾಡಿ ನಿಂತಿತು. ಕೆಳ ಅಂತಸ್ತುಗಳ ತೊಲೆಗಳ ತುದಿಗಳು ಒಂದೊಂದಾಗಿ ಹರಿದವು, ವಾಲುವಿಕೆ ಬೆಳೆಯಿತು, ಕೊನೆಗೆ ಕಟ್ಟಡ ಕುಸಿಯಿತು. ಉಕ್ಕಿಗೆ ಅಂಟಿಸಿದ್ದ ಸಂವೇದಕಗಳ ಅಳತೆಗಳು ಉಳಿದವು. ಕುಸಿತದ ಪ್ರೋಗ್ರಾಂ ಬರೆಯುವವರಿಗೆ ತಮ್ಮ ಲೆಕ್ಕವನ್ನು ಒರೆಹಚ್ಚಿ ನೋಡಲು ಈಗ ಎತ್ತರದ ಕಟ್ಟಡದ್ದೇ ದಾಖಲೆ ಇದೆ.