ಕಳಿಸದ ಕಾಗದಗಳು

1928ರ ಬೇಸಗೆಯಲ್ಲಿ ಹತ್ತು ವರ್ಷದ ಹುಡುಗಿಯೊಬ್ಬಳು ಮಸ್ಸೂರಿಯ ತಂಪಿನಲ್ಲಿದ್ದಳು. ಅವಳ ತಂದೆ ಕೆಳಗೆ ಅಲಹಾಬಾದಿನ ಸೆಕೆಯಲ್ಲಿದ್ದರು. ಜೊತೆಗಿದ್ದಾಗ ಮಗಳು ಕೇಳುತ್ತಿದ್ದ ಪ್ರಶ್ನೆಗಳಿಗೆ ಈಗ ಕಾಗದದಲ್ಲಿ ಉತ್ತರ ಬರೆಯೋಣ ಎಂದು ಅವರು ಕುಳಿತರು. ಭೂಮಿ ಹೇಗಾಯಿತು, ಮನುಷ್ಯ ಯಾವಾಗ ಬಂದ, ಭಾಷೆಗಳು ಏಕೆ ಬೇರೆ ಬೇರೆ, ರಾಜನೆಂಬವನು ಎಲ್ಲಿಂದ ಹುಟ್ಟಿದ, ಇಂಥವೇ ವಿಷಯಗಳು. ಹುಡುಗಿ ಇಂದಿರಾ, ತಂದೆ ಜವಾಹರಲಾಲ್ ನೆಹರು. ಮರುವರ್ಷ ಆ ಕಾಗದಗಳು ಪುಸ್ತಕವಾದವು. ಹಿಂದಿಗೆ ಅನುವಾದಿಸಿದವರು ಪ್ರೇಮಚಂದರು.

ನೆಹರು ಎಂದೊಡನೆ ನಮಗೆ ಗುಲಾಬಿ ಹೂವು, ಮಕ್ಕಳ ದಿನಾಚರಣೆ, ಶಾಲೆಯಲ್ಲಿ ಹಂಚುವ ಪೆಪ್ಪರಮೆಂಟು ನೆನಪಾಗುತ್ತವೆ. ಅವರ ರಾಜಕೀಯ ಸರಿಯೋ ತಪ್ಪೋ ಎಂದು ವಾದ ಮಾಡುವವರಿಗೂ ಕೊರತೆಯಿಲ್ಲ. ಆ ವಾದ ನನಗಿಲ್ಲಿ ಬೇಡ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿದ ನನಗೆ ಕುತೂಹಲವಿರುವುದು ಆ ಕಾಗದಗಳನ್ನು ಬರೆದ ತಂದೆಯ ಬಗ್ಗೆ.

ಮೊದಲ ಕಾಗದದಲ್ಲೇ ಅವರು ಮಗಳಿಗೆ ಒಂದು ನುಣುಪಾದ ಗುಂಡುಕಲ್ಲನ್ನು ತೋರಿಸುತ್ತಾರೆ. ಅದು ಮೊದಲು ಬೆಟ್ಟದ ಮೊನಚು ತುಂಡಾಗಿತ್ತು, ನೀರು ಉರುಳಿಸಿ ಉರುಳಿಸಿ ದುಂಡಾಯಿತು, ಓದಲು ಬಂದರೆ ಕಲ್ಲೂ ಒಂದು ಪುಸ್ತಕವೇ ಎಂಬ ಭಾವ. ನಾನು ಬಿ.ಎಡ್. ಓದುವಾಗ ಬೋಧನಾ ವಿಧಾನದ ಬಗ್ಗೆ ಬಾಯಿಪಾಠ ಮಾಡಿದ ಎಷ್ಟೋ ಸೂತ್ರಗಳಿಗಿಂತ ಈ ಕಲ್ಲು ಹೆಚ್ಚು ಕೆಲಸಕ್ಕೆ ಬಂದಿದೆ. ಹೊಳೆಯಿಂದ ಆರಿಸಿ ತಂದ ಕಲ್ಲನ್ನು ಮೇಜಿನ ಮೇಲಿಟ್ಟರೆ ಸಾಕು, ಹಿಂದಿನ ಬೆಂಚಿನವರೂ ಕತ್ತು ಉದ್ದ ಮಾಡುತ್ತಾರೆ.

ಆದರೆ ಹೆಂಗಸರಾದ ನಾವು ನಿಂತು ಓದಬೇಕಾದ ಕಾಗದಗಳು ಬೇರೆ ಇವೆ. ಕುಲದ ಯಜಮಾನ ಹೇಗೆ ಹುಟ್ಟಿಕೊಂಡ ಎಂಬುದನ್ನು ನೆಹರು ಎರಡು ಕಾಗದಗಳಲ್ಲಿ ವಿವರಿಸಿದ್ದಾರೆ. ಹಿಂದೆ ಗುಂಪಿನ ಕೆಲಸ ಹಂಚಿಕೊಡಲು, ಜಗಳ ಬಿಡಿಸಲು ಹಿರಿಯನೊಬ್ಬನು ಬೇಕಾದ. ಅವನು ಎಲ್ಲರಲ್ಲಿ ಒಬ್ಬ, ಎಲ್ಲವೂ ಎಲ್ಲರದು. ಬರುಬರುತ್ತ ದವಸ, ದನ, ನೆಲ ಎಲ್ಲವೂ ತನ್ನದೇ ಎಂದು ಅವನು ತಿಳಿಯತೊಡಗಿದ. ಅವನ ನಂತರ ಅವನ ಮಗನೇ ಆ ಜಾಗಕ್ಕೆ ಬಂದ. ಕೊನೆಗೆ ಅವನೇ ರಾಜನಾದ. ಯಜಮಾನನಿಗೆ ಇಂಗ್ಲಿಷಿನಲ್ಲಿರುವ ‘ಪೇಟ್ರಿಯಾರ್ಕ್’ ಎಂಬ ಪದ ತಂದೆ ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ ಬಂದದ್ದು ಎಂದೂ ಹೇಳುತ್ತಾರೆ. ಅಲ್ಲಿಯವರು ದೇಶವನ್ನು ತಂದೆಯ ನಾಡು ಎನ್ನುತ್ತಾರೆ, ನಾವು ತಾಯಿ ಎನ್ನುತ್ತೇವೆ, ನಿನಗೆ ಯಾವುದು ಇಷ್ಟ ಎಂದು ಮಗಳನ್ನೇ ಕೇಳುತ್ತಾರೆ.

ಒಬ್ಬ ತಂದೆ, ತಂದೆಯ ಅಧಿಕಾರ ಎಲ್ಲಿಂದ ಬಂತು ಎಂದು ಹತ್ತು ವರ್ಷದ ಮಗಳಿಗೆ ಬಿಡಿಸಿ ಹೇಳುವುದು ಸಣ್ಣ ಮಾತೇ? ನಮ್ಮ ಮನೆಗಳಲ್ಲಿ ಯಜಮಾನರ ಮಾತೆಂದರೆ ಮಾತು. ಅದು ಎಲ್ಲಿಂದ ಬಂತೆಂದು ಕೇಳಿದ ಹುಡುಗಿಗೆ ಬಾಯಾಳಿ ಎಂಬ ಬಿರುದು ಬರುತ್ತಿತ್ತು. ನಾನು ಹಾಸ್ಟೆಲಿನಲ್ಲಿದ್ದಾಗ ಅಪ್ಪ ಬರೆಯುತ್ತಿದ್ದ ಇನ್‌ಲ್ಯಾಂಡ್ ಕಾಗದಗಳು ‘ಚಿ. ಸೌ.’ ಎಂದು ಶುರುವಾಗಿ ‘ಉಭಯ ಕುಶಲೋಪರಿ’ ದಾಟಿ ಮನಿಯಾರ್ಡರಿಗೆ ಬಂದು ನಿಲ್ಲುತ್ತಿದ್ದವು. ಪ್ರೀತಿಯಿರಲಿಲ್ಲವೆಂದಲ್ಲ. ಪ್ರೀತಿಯನ್ನು ಕಾಗದದಲ್ಲಿ ಬರೆಯುವ ರೂಢಿ ಇರಲಿಲ್ಲ, ಮಗಳೊಡನೆ ವಿಚಾರ ಮಾಡುವ ರೂಢಿಯಂತೂ ಇರಲೇ ಇಲ್ಲ.

ಎರಡನೆಯ ಕಂತು ಜೈಲಿನದು. ಸ್ವಾತಂತ್ರ್ಯದ ಹೋರಾಟದಲ್ಲಿ ನೆಹರು ಒಟ್ಟು 9 ಸಲ ಜೈಲಿಗೆ ಹೋದರು, ಅಲ್ಲಿ ಕಳೆದದ್ದು ಸುಮಾರು 9 ವರ್ಷ. 1930ರ ಅಕ್ಟೋಬರ್ 26ರಂದು ನೈನಿ ಜೈಲಿನಿಂದ ಮಗಳ ಹದಿಮೂರನೆಯ ಹುಟ್ಟುಹಬ್ಬಕ್ಕೆ ಒಂದು ಕಾಗದ ಬರೆದರು. ಇಂದಿರಾ ಹುಟ್ಟಿದ್ದು ನವೆಂಬರ್ 19ರಂದು, ಇದು ಪಂಚಾಂಗದ ಪ್ರಕಾರ ಬಂದ ದಿನ. ಜೈಲಿನಿಂದ ಏನು ಉಡುಗೊರೆ ಕೊಡಲಿ, ಗೋಡೆ ತಡೆಯಲಾರದ್ದನ್ನು ಮಾತ್ರ ಕೊಡಬಲ್ಲೆ ಎಂಬ ಧಾಟಿ. ಅಲ್ಲಿಂದ ಮೊದಲಾಗಿ 1933ರ ಆಗಸ್ಟ್ ತಿಂಗಳವರೆಗೆ 196 ಕಾಗದಗಳಾದವು. ಅವೇ ಮುಂದೆ ಜಗತ್ತಿನ ಇತಿಹಾಸವನ್ನು ಹೇಳುವ ದೊಡ್ಡ ಪುಸ್ತಕವಾದದ್ದು.

ಎಷ್ಟೋ ಜನರಿಗೆ ತಿಳಿಯದ ಸಂಗತಿಯೆಂದರೆ, ಇವು ಬರೆದಂತೆ ಬರೆದಂತೆ ಅಂಚೆಗೆ ಬಿದ್ದ ಕಾಗದಗಳಲ್ಲ. ಜೈಲಿನಿಂದ ಹೊರಡುವ ಕಾಗದಕ್ಕೆ ಲೆಕ್ಕವಿತ್ತು. ಇವು ಅಲ್ಲೇ ರಾಶಿಯಾಗುತ್ತಿದ್ದವು. ಮಗಳು ಎದುರಿಗೆ ಕುಳಿತಿದ್ದಾಳೆ ಎಂದುಕೊಂಡು ತಂದೆ ಚೀನಾ, ಗ್ರೀಸ್, ಅಶೋಕ, ಅಕ್ಬರ್ ಎಂದು ಹೇಳುತ್ತಲೇ ಹೋದರು.

1931ರ ಜನವರಿ 1ರ ಕಾಗದವನ್ನು ನಾನು ಎಷ್ಟು ಸಲ ಓದಿದರೂ ಒಂದು ಕಡೆ ತಡವರಿಸುತ್ತೇನೆ. ಆ ದಿನ ಕಮಲಾ ನೆಹರು ಅವರ ಬಂಧನವಾಯಿತು. ಸುದ್ದಿ ತಿಳಿದ ಗಂಡನಿಗೆ ಹೆಮ್ಮೆ. ಇದು ತನಗೆ ಸಿಕ್ಕ ಹೊಸ ವರ್ಷದ ಉಡುಗೊರೆ ಎಂದು ಬರೆಯುತ್ತಾರೆ. ಕಮಲಾ ಕೂಡ ಸಂತೋಷವಾಗಿಯೇ ಇರುತ್ತಾಳೆ, ನಿನಗೆ ಮಾತ್ರ ಒಂಟಿ ಎನಿಸಬಹುದು ಎಂದು ಮಗಳಿಗೆ ಸಮಾಧಾನ ಹೇಳುತ್ತಾರೆ. ಅಪ್ಪ ಜೈಲಿನಲ್ಲಿ, ಅಮ್ಮ ಜೈಲಿನಲ್ಲಿ. ಇನ್ನೊಂದು ತಿಂಗಳಲ್ಲಿ, ಫೆಬ್ರವರಿ 6ರಂದು, ಅಜ್ಜ ಮೋತಿಲಾಲರೂ ತೀರಿಕೊಂಡರು. ಆನಂದ ಭವನದ ಅಷ್ಟು ಕೋಣೆಗಳ ನಡುವೆ ಹದಿಮೂರರ ಹುಡುಗಿ. ದೇಶಕ್ಕೆ ಅದು ಹೆಮ್ಮೆಯ ದಿನ, ಒಪ್ಪಿದೆ. ಆದರೂ ಆ ರಾತ್ರಿ ಅವಳಿಗೆ ಊಟ ಬಡಿಸಿದವರು ಯಾರು ಎಂದೇ ನನ್ನ ಮನಸ್ಸು ಹೋಗುತ್ತದೆ. ಹೆಂಗಸಿನ ಬುದ್ಧಿ ಎನ್ನಿ ಬೇಕಾದರೆ.

ಅದೇ ವರ್ಷದ ಬೇಸಗೆಯಲ್ಲಿ ಮೂವರೂ ಸಿಂಹಳಕ್ಕೆ ಹೋದರು. ಹಿಂದಿರುಗುವಾಗ ತಿರುವಾಂಕೂರು, ಕೊಚ್ಚಿ, ನಮ್ಮ ಮೈಸೂರು, ಹೈದರಾಬಾದು ನೋಡಿಕೊಂಡು ಹೋದರು. ಸಿಂಹಳಕ್ಕೆ ಹೋಗುವಾಗ ಹಡಗಿನಲ್ಲಿ ಬರೆದ ಕಾಗದದ ನಂತರ ಸುಮಾರು ಒಂದು ವರ್ಷ ಕಾಗದವೇ ಇಲ್ಲ. ಮತ್ತೆ ಶುರುವಾಗುವುದು 1932ರ ಮಾರ್ಚ್‌ನಲ್ಲಿ, ಅವರು ಪುನಃ ಜೈಲು ಸೇರಿದ ಮೇಲೆ. ತಂದೆ ಹೊರಗಿದ್ದರೆ ಇತಿಹಾಸ ನಿಲ್ಲುತ್ತದೆ, ಒಳಗೆ ಹೋದರೆ ಮುಂದುವರಿಯುತ್ತದೆ! ಮಗಳಿಗೆ ಯಾವುದು ಬೇಕಾಗಿತ್ತೋ ಹೇಳಬೇಕಾಗಿಲ್ಲ.

ನಿಜವಾಗಿ ಅಂಚೆಯಲ್ಲಿ ಹೋಗಿಬಂದ ತಂದೆ-ಮಗಳ ಪತ್ರಗಳು 1989ರಲ್ಲಿ ಬೇರೆಯಾಗಿ ಅಚ್ಚಾದವು. ಅವುಗಳ ತಂದೆ ಬೇರೆ ಮನುಷ್ಯ. ನೀನು ಕಾಗದ ಹಾಕುವುದೇ ಅಪರೂಪ ಎಂದು ಮುನಿಸು, ಆರೋಗ್ಯದ ಬಗ್ಗೆ ಕಳವಳ, ಓದಿನ ಬಗ್ಗೆ ಉಪದೇಶ. ನಮ್ಮ ಅಪ್ಪಂದಿರ ಹಾಗೆಯೇ! ಜಗತ್ತಿನ ಇತಿಹಾಸ ಬರೆದವರೂ ಮಗಳ ಉತ್ತರಕ್ಕಾಗಿ ದಾರಿ ಕಾಯುತ್ತಿದ್ದರು ಎಂದು ತಿಳಿದಾಗ ಅವರು ನನಗೆ ಇನ್ನೂ ಹತ್ತಿರವಾದರು.

ಮನೆಯ ಯಜಮಾನಿಕೆಯ ಮೂಲವನ್ನು ಮಗಳಿಗೆ ವಿವರಿಸಿದವರು ಹೆಂಡತಿಯನ್ನು ಎಷ್ಟು ಅರಿತಿದ್ದರು? 1916ರಲ್ಲಿ ಮದುವೆಯಾದಾಗ ಕಮಲಾಗೆ ಇನ್ನೂ ಹದಿನೇಳು ತುಂಬಿರಲಿಲ್ಲ. ಕ್ಷಯ ಅವರನ್ನು ಬಿಡಲಿಲ್ಲ. 1935ರಲ್ಲಿ ಅವರು ಜರ್ಮನಿಯ ಬಾಡೆನ್‌ವೈಲರ್‌ನಲ್ಲಿ ಚಿಕಿತ್ಸೆಯಲ್ಲಿದ್ದಾಗ ನೆಹರು ಹಾಸಿಗೆಯ ಪಕ್ಕ ಕುಳಿತು, ತಾನು ಅವಳನ್ನು ಕಡೆಗಣಿಸಿದ ವರ್ಷಗಳನ್ನು ನೆನೆದರು. ಮುಂದೆ ಅಹಮದ್‌ನಗರ ಕೋಟೆಯ ಸೆರೆಯಲ್ಲಿ ಅದನ್ನು ಮುಚ್ಚುಮರೆಯಿಲ್ಲದೆ ಬರೆದಿಟ್ಟರು. ಮಗಳಿಗೆ ಬರೆದ ನೂರಾರು ಪುಟಗಳಲ್ಲಿ ಈ ಧ್ವನಿ ನನಗೆ ಕೇಳಿಸಿಲ್ಲ.

1936ರ ಫೆಬ್ರವರಿ 28ರಂದು ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ ಕಮಲಾ ತೀರಿಕೊಂಡರು. ನೆಹರು ವಿಮಾನದಲ್ಲಿ ದೇಶಕ್ಕೆ ಮರಳಿದರು. ಆಗ ಅವರ ಆತ್ಮಕಥೆ ಲಂಡನ್ನಿನಲ್ಲಿ ಅಚ್ಚಾಗುತ್ತಿತ್ತು. ದಾರಿಯಲ್ಲಿ ಬಾಗ್ದಾದಿನಲ್ಲಿ ಇಳಿದಾಗ ಪ್ರಕಾಶಕರಿಗೆ ಒಂದು ತಂತಿ ಕಳಿಸಿದರು, ಪುಸ್ತಕ ಕಮಲಾಗೆ ಅರ್ಪಣೆ ಎಂದು.