ವೃತ್ತಿನಿರತ ದೃಶ್ಯಕಲಾವಿದರ ಪಿಎಚ್.ಡಿ. ಸಂಶೋಧನೆ (ಕೊಪ್ಪಳ ಪರಿಸರ)

ವೃತ್ತಿನಿರತ ದೃಶ್ಯಕಲಾವಿದರ ಪಿಎಚ್.ಡಿ. ಸಂಶೋಧನೆ ಎಂದರೆ ಚಿತ್ರ, ಶಿಲ್ಪ, ಮುದ್ರಣಕಲೆ ಮೊದಲಾದವುಗಳಲ್ಲಿ ಸ್ವತಃ ತೊಡಗಿರುವವರು ತಮ್ಮ ಕಲಾನುಭವವನ್ನು ಆಧಾರವಾಗಿಟ್ಟುಕೊಂಡು ವಿಶ್ವವಿದ್ಯಾಲಯದಲ್ಲಿ ನಡೆಸುವ ಉನ್ನತ ಅಧ್ಯಯನ. ಕಲಾ ಇತಿಹಾಸಕಾರನು ಕೃತಿಯನ್ನು ಹೊರಗಿನಿಂದ ನೋಡುತ್ತಾನೆ. ಕಲಾವಿದ ಸಂಶೋಧಕನು ಅದನ್ನು ಮಾಡುತ್ತಲೇ ಅರಿಯುತ್ತಾನೆ. ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಪ್ರದೇಶದಲ್ಲಿ ಇಂತಹ ಅಧ್ಯಯನಕ್ಕೆ ವಿಷಯಗಳು ಹೇರಳವಾಗಿವೆ.

ಪರಿಕಲ್ಪನೆಯ ಬೆಳವಣಿಗೆ

ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನ ಕ್ರಿಸ್ಟೋಫರ್ ಫ್ರೇಲಿಂಗ್ 1993ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಕಲೆಯ ಕುರಿತ ಸಂಶೋಧನೆ, ಕಲೆಯ ಮೂಲಕ ಸಂಶೋಧನೆ, ಕಲೆಗಾಗಿ ಸಂಶೋಧನೆ ಎಂಬ ಮೂರು ವಿಧಗಳನ್ನು ಗುರುತಿಸಿದರು. ಯುರೋಪಿನ ಕಲಾಶಾಲೆಗಳ ಒಕ್ಕೂಟವಾದ ಎಲಿಯಾ 2016ರಲ್ಲಿ ಕಲೆಗಳಲ್ಲಿನ ಡಾಕ್ಟರೇಟ್ ಪದವಿಯ ಬಗ್ಗೆ ‘ಫ್ಲಾರೆನ್ಸ್ ತತ್ತ್ವಗಳು’ ಎಂಬ ಹೇಳಿಕೆಯನ್ನು ಹೊರತಂದಿತು. ಹಲವು ದೇಶಗಳಲ್ಲಿ ಕಲಾಕೃತಿಗಳೂ ಪ್ರದರ್ಶನವೂ ಲಿಖಿತ ಭಾಗದೊಡನೆ ಮೌಲ್ಯಮಾಪನಕ್ಕೆ ಒಳಪಡುತ್ತವೆ. ಭಾರತದಲ್ಲಿ ಮಾತ್ರ ಸಾಮಾನ್ಯವಾಗಿ ಲಿಖಿತ ಮಹಾಪ್ರಬಂಧವೇ ಪದವಿಯ ಆಧಾರ. ಹೀಗಾಗಿ ಕುಂಚ ಹಿಡಿದ ಕೈ ಕಂಡುಕೊಂಡದ್ದನ್ನು ಪುಟಗಳ ಮೇಲೆ ಸಾಧಿಸಿ ತೋರಿಸುವ ಹೊರೆ ಕಲಾವಿದನ ಮೇಲೆಯೇ ಬೀಳುತ್ತದೆ.

ನಿಯಮಗಳು

ವಿಶ್ವವಿದ್ಯಾಲಯ ಅನುದಾನ ಆಯೋಗದ 2022ರ ನಿಯಮಾವಳಿಯಂತೆ ಪಿಎಚ್.ಡಿ.ಯ ಕನಿಷ್ಠ ಅವಧಿ 3 ವರ್ಷ, ಗರಿಷ್ಠ 6 ವರ್ಷ. ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಂಕಗಳು ಬೇಕು. ಮೀಸಲು ವರ್ಗಗಳಿಗೆ ಶೇ. 5ರ ರಿಯಾಯಿತಿಯಿದೆ. ಅರೆಕಾಲಿಕ ಅಧ್ಯಯನಕ್ಕೂ ಅವಕಾಶ ಇರುವುದು ಚಿತ್ರಕಲಾ ಶಿಕ್ಷಕರಾಗಿ ದುಡಿಯುವವರಿಗೆ ಅನುಕೂಲ. ಮಹಾಪ್ರಬಂಧವನ್ನು ಕನಿಷ್ಠ ಇಬ್ಬರು ಬಾಹ್ಯ ಪರೀಕ್ಷಕರು ಪರಿಶೀಲಿಸುತ್ತಾರೆ. ಬಳಿಕ ಮೌಖಿಕ ಪರೀಕ್ಷೆ ನಡೆಯುತ್ತದೆ.

ಸಂಶೋಧನಾ ಕೇಂದ್ರಗಳು

ಆನೆಗೊಂದಿಯಿಂದ ತುಂಗಭದ್ರೆಯ ಆಚೆ ದಡಕ್ಕಿರುವ ಹಂಪಿಯ ಕನ್ನಡ ವಿಶ್ವವಿದ್ಯಾಲಯ (ಸ್ಥಾಪನೆ 1991) ಈ ಭಾಗಕ್ಕೆ ಅತ್ಯಂತ ಸಮೀಪದ ಕೇಂದ್ರ. ಅದರ ಲಲಿತಕಲಾ ನಿಕಾಯದಲ್ಲಿ ದೃಶ್ಯಕಲೆಯ ಅಧ್ಯಯನವಿದೆ. ಶಿಲ್ಪಕಲೆಯ ಶಿಕ್ಷಣಕ್ಕಾಗಿ ಬಾದಾಮಿಯಲ್ಲಿಯೂ ಕೇಂದ್ರವಿದೆ. ಮಹಾಪ್ರಬಂಧವನ್ನು ಕನ್ನಡದಲ್ಲಿಯೇ ಬರೆಯಬಹುದಾದ್ದರಿಂದ, ಪರಿಭಾಷೆಯನ್ನು ಕುಶಲಕರ್ಮಿಗಳ ಬಾಯಿಂದ ನೇರವಾಗಿ ತರಲು ಇಲ್ಲಿ ಸಾಧ್ಯ. ಇದು ಸಣ್ಣ ಸಂಗತಿಯಲ್ಲ. ಕಲಬುರಗಿಯ ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿಯೂ ದೃಶ್ಯಕಲಾ ವಿಭಾಗವಿದೆ.

ಸ್ಥಳೀಯ ವಿಷಯಗಳು

ಕೊಪ್ಪಳ ತಾಲ್ಲೂಕಿನ ಕಿನ್ನಾಳದ ಚಿತ್ರಗಾರ ಮನೆತನಗಳ ಕಲೆ ಇವುಗಳಲ್ಲಿ ಮುಖ್ಯವಾದುದು. ಹಗುರ ಮರದಲ್ಲಿ ಕೆತ್ತಿದ ಭಾಗಗಳನ್ನು ಹುಣಸೆಬೀಜ ಮತ್ತು ಕಲ್ಲಿನ ಪುಡಿಯ ಅಂಟಿನಿಂದ ಜೋಡಿಸುತ್ತಾರೆ. ನೆನೆಸಿ, ಒಣಗಿಸಿ, ಪುಡಿಮಾಡಿದ ಸೆಣಬಿನ ಚಿಂದಿಗೆ ಮರದ ಹೊಟ್ಟು ಹಾಗೂ ಹುಣಸೆಬೀಜದ ಅಂಟನ್ನು ಬೆರೆಸಿದರೆ ‘ಕಿಟ್ಟ’ ಸಿದ್ಧವಾಗುತ್ತದೆ. ಅದನ್ನು ಮೂರ್ತಿಯ ಮೈಗೆಲ್ಲ ಕೈಯಿಂದ ಹಚ್ಚಿ, ಹತ್ತಿಯ ತುಣುಕುಗಳನ್ನು ಅಂಟಿಸಿ, ಮೇಲೆ ಕಲ್ಲಿನ ಪುಡಿಯ ಲೇಪ ಕೊಟ್ಟ ನಂತರವೇ ಬಣ್ಣ. ಆಭರಣಗಳ ಉಬ್ಬು ಕೆಲಸಕ್ಕೆ ಬೇರೆ ಹದದ ಮಿಶ್ರಣ ಬೇಕು. ಈ ಕಲೆಗೆ ಭೌಗೋಳಿಕ ಸೂಚ್ಯಂಕ ದೊರೆತಿದೆ. ಹಂಪಿಯ ವಿರೂಪಾಕ್ಷ ದೇವಾಲಯದ ಚಿತ್ರಗಳನ್ನು ಬರೆದವರು ತಮ್ಮ ಪೂರ್ವಿಕರೆಂಬ ನಂಬಿಕೆ ಈ ಮನೆತನಗಳಲ್ಲಿದೆ. ಅಂಟಿನ ಹದ ಕೆಟ್ಟರೆ ಲೇಪ ಬಿರಿಯುತ್ತದೆ. ಹದವನ್ನು ಮಾತ್ರ ಯಾವ ಗ್ರಂಥವೂ ತಿಳಿಸದು, ಕೈ ತಿಳಿಯಬೇಕು. ಇಂಥಲ್ಲಿ ತಾನೇ ಕುಳಿತು ಲೇಪ ಹಚ್ಚಿ ನೋಡಿ ದಾಖಲಿಸುವ ಸಂಶೋಧಕನಿಗೆ ಸಿಗುವುದು ಸಂದರ್ಶನದಿಂದ ಸಿಗುವುದಿಲ್ಲ.

ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ಲಿನ ಶಿಲಾಸಮಾಧಿಗಳು ಮತ್ತು ಬಂಡೆಚಿತ್ರಗಳು, ಆನೆಗೊಂದಿಯ ಉಚ್ಚಯ್ಯಪ್ಪ ಮಠದ ಛಾವಣಿಯ ವರ್ಣಚಿತ್ರಗಳು, ಕನಕಗಿರಿಯ ಕನಕಾಚಲಪತಿ ದೇವಾಲಯ ಇವೂ ಗಮನಾರ್ಹ. ಹಿಂದೆ ಯಲಬುರ್ಗಾ ತಾಲ್ಲೂಕಿನಲ್ಲಿದ್ದು ಈಗ ಕುಕನೂರು ತಾಲ್ಲೂಕಿಗೆ ಸೇರಿರುವ ಇಟಗಿಯ ಮಹಾದೇವ ದೇವಾಲಯ (1112) ಶಿಲ್ಪಿಗಳ ಅಧ್ಯಯನಕ್ಕೆ ಯೋಗ್ಯ. ಕೊಪ್ಪಳ ತಾಲ್ಲೂಕಿನ ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಘೋಷಣೆಯಾಯಿತು.

ನೆರವು

ದೃಶ್ಯಕಲೆಯು ಯುಜಿಸಿ-ನೆಟ್ ಪರೀಕ್ಷೆಯ ವಿಷಯಗಳಲ್ಲೊಂದು. ಅದರ ಮೂಲಕ ಕಿರಿಯ ಸಂಶೋಧನಾ ಫೆಲೋಶಿಪ್ ಪಡೆದವರಿಗೆ 2023ರ ಜನವರಿಯಿಂದ ಮಾಸಿಕ 37,000 ರೂಪಾಯಿ, ಹಿರಿಯ ಹಂತದಲ್ಲಿ 42,000 ರೂಪಾಯಿ ನಿಗದಿಯಾಗಿದೆ. ಆದರೆ ಇದಕ್ಕೆ ವಯೋಮಿತಿಯಿರುವುದರಿಂದ ಹಲವು ವರ್ಷ ಕಲಾಸಾಧನೆ ಮಾಡಿ ಅನಂತರ ಸಂಶೋಧನೆಗೆ ಬರುವವರಿಗೆ ಪ್ರಯೋಜನ ಕಡಿಮೆ. ಅಂಥವರಿಗೆ ಕೇಂದ್ರ ಸಂಸ್ಕೃತಿ ಸಚಿವಾಲಯದ ಫೆಲೋಶಿಪ್ ಹೆಚ್ಚು ಹೊಂದುತ್ತದೆ. ಎರಡು ವರ್ಷಗಳ ಈ ಯೋಜನೆಯಲ್ಲಿ 25ರಿಂದ 40 ವರ್ಷದವರಿಗೆ ಮಾಸಿಕ 10,000, ಅದಕ್ಕೂ ಹಿರಿಯರಿಗೆ 20,000 ರೂಪಾಯಿ ಕೊಡಲಾಗುತ್ತದೆ. ಇದು ಪಿಎಚ್.ಡಿ. ನೋಂದಣಿಗೆ ಸಂಬಂಧಿಸಿದ ವೇತನವಲ್ಲ, ಸ್ವತಂತ್ರ ಅಧ್ಯಯನ ಯೋಜನೆಗೆ ನೀಡುವ ನೆರವು.

ಕಾರ್ಯಕ್ರಮಗಳು

ಕರ್ನಾಟಕ ಲಲಿತಕಲಾ ಅಕಾಡೆಮಿಯ (1964) ವಾರ್ಷಿಕ ಪ್ರದರ್ಶನ ಹಾಗೂ ಶಿಬಿರಗಳು ಕಲಾವಿದ ಸಂಶೋಧಕರಿಗೆ ಒದಗುವ ವೇದಿಕೆಗಳು. ಹಂಪಿ ಉತ್ಸವ, ಆನೆಗೊಂದಿ ಉತ್ಸವಗಳು ಸಾರ್ವಜನಿಕರನ್ನು ಸೆಳೆಯುತ್ತವೆ. ಕನ್ನಡ ವಿಶ್ವವಿದ್ಯಾಲಯದ ಘಟಿಕೋತ್ಸವಕ್ಕೆ ‘ನುಡಿಹಬ್ಬ’ ಎಂದು ಹೆಸರು, ಪಿಎಚ್.ಡಿ. ಪದವಿಗಳನ್ನು ಅಲ್ಲಿ ಪ್ರದಾನ ಮಾಡುತ್ತಾರೆ.

ಸಮಸ್ಯೆಗಳು

ಪರಂಪರೆಯ ಕಲಾವಿದನು ಎಷ್ಟೇ ನಿಪುಣನಾಗಿದ್ದರೂ ಅಗತ್ಯ ಪದವಿಯಿಲ್ಲದೆ ಪಿಎಚ್.ಡಿ.ಗೆ ನೋಂದಾಯಿಸಿಕೊಳ್ಳಲಾರನು. ಪರರ ಮಹಾಪ್ರಬಂಧದಲ್ಲಿ ‘ಮಾಹಿತಿದಾರ’ನಾಗಿ ಉಳಿಯುವುದೇ ಹೆಚ್ಚು. ಸ್ಥಳೀಯ ಕಲಾವಿದರನ್ನು ನಿವಾಸಿ ಕಲಾವಿದರಾಗಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಬರಮಾಡಿಕೊಳ್ಳಲು ಯುಜಿಸಿ 2023ರಲ್ಲಿ ಮಾರ್ಗಸೂಚಿ ಹೊರಡಿಸಿತು. ಅದು ಬೋಧನೆಗೆ ಬಾಗಿಲು ತೆರೆಯುತ್ತದೆ, ಪಿಎಚ್.ಡಿ. ಪ್ರವೇಶದ ಅರ್ಹತೆಯನ್ನು ಬದಲಿಸುವುದಿಲ್ಲ.